ಪಣಿಕ್ಕರ ಮನೆಯ ಐದೂವರೆ ಗಂಟೆ

ಶನಿವಾರ ಬೆಳಿಗ್ಗೆ ಏಳು ಗಂಟೆಗೆ ಪ್ರಸೀತ ಕಂಪ್ಯೂಟರಿನ ಮುಂದೆ ಕೂತಾಗ ಅದರ ಮೂಲೆಯಲ್ಲಿ ಹನ್ನೆರಡೂವರೆ ಎಂದಿತ್ತು. ಒಲೆಯ ಮೇಲೆ ಪುಟ್ಟು ಇನ್ನೂ ಬೇಯುತ್ತಿತ್ತು. ಅಂಗಳದ ಮಾವಿನ ಮರದ ಬುಡದಲ್ಲಿ ಇಬ್ಬನಿ ಆರಿರಲಿಲ್ಲ.

ಅವಳಿಗೆ ಇದೇನೂ ಹೊಸದಲ್ಲ. ಎರಡು ವರ್ಷದಿಂದ ಹೀಗೇ. ಫೋನಿನಿಂದ ನೆಟ್ ಕೊಟ್ಟರೆ ಅರೆಗಳಿಗೆಯಲ್ಲಿ ಹೊತ್ತು ತಾನೇ ಸರಿಯಾಗುತ್ತಿತ್ತು. ಆದರೆ ಅವತ್ತು ಅವಸರದಲ್ಲಿ ಅದನ್ನು ಮಾಡದೆ ಕೆಲಸಕ್ಕೆ ಇಳಿದುಬಿಟ್ಟಳು. ಏಳನೇ ತರಗತಿಯ ವಿಜ್ಞಾನದ ಪ್ರಶ್ನೆಪತ್ರಿಕೆ ಸೋಮವಾರ ಹೆಡ್‌ಮಾಸ್ಟರ ಮೇಜಿಗೆ ಹೋಗಬೇಕಿತ್ತು. ಅದರ ಎರಡು ಪ್ರತಿಗಳಿದ್ದವು. ಯಾವುದು ಹೊಸದೆಂದು ಗಂಟೆ ನೋಡಿ ತೆರೆದು, ತಿದ್ದಿ, ಇನ್ನೊಂದನ್ನು ಅಳಿಸಿಹಾಕಿದಳು. ಅಳಿಸಿದ ಮೇಲೆ ಕಣ್ಣಿಗೆ ಬಿತ್ತು, ಇದರಲ್ಲಿ ಎಲೆಯ ಚಿತ್ರವಿಲ್ಲ, ಕೊನೆಯ ಆರು ಪ್ರಶ್ನೆಗಳಿಲ್ಲ. ಶುಕ್ರವಾರ ಬೆಳಿಗ್ಗೆ ಏಳಕ್ಕೆ ಮನೆಯಲ್ಲಿ ನೆಟ್ ಕೊಡದೆ ಬರೆದದ್ದಕ್ಕೆ ಮಧ್ಯಾಹ್ನದ ಮುದ್ರೆ ಬಿದ್ದು, ಆಮೇಲೆ ಹತ್ತಕ್ಕೆ ಶಾಲೆಯಲ್ಲಿ ಕೂತು ಬರೆದು ತಂದದ್ದು ಹಳೆಯದಾಗಿಬಿಟ್ಟಿತ್ತು.

ಅವಳು ಜಗುಲಿಯ ಕಡೆ ಕೂಗಿ ಕೇಳಿದಳು. "ಅಚ್ಛ, ನಿನ್ನೆ ಮತ್ತೆ ಗಡಿಯಾರ ತಿರುಗಿಸಿದ್ರಾ?"

"ತಿರುಗಿಸದೆ? ಬೆಳಿಗ್ಗೆ ಆರಾದ್ರೂ ಅದು ನಡುರಾತ್ರಿ ಹನ್ನೆರಡೂವರೆ ಅಂತಿತ್ತು. ನೀನು ಹಿಂದಿನ ದಿನ ಏನೋ ಮಾಡಿಟ್ಟಿದ್ದೆ. ನಾನು ಸರಿ ಮಾಡ್ದೆ."

"ನನ್ನ ಆರು ಪ್ರಶ್ನೆ ಅಳಿಸಿಹೋಯ್ತು. ನೀವು ಸರಿ ಮಾಡಿದ್ದಕ್ಕೇ ನಂದು ಕೆಟ್ಟಿದ್ದು."

"ನೀನು ಸರಿ ಮಾಡಿದ್ದಕ್ಕೇ ನಂದು ಕೆಟ್ಟಿದ್ದು, ಮೋಳೆ. ಪುಟ್ಟು ಆಯ್ತಾ?"

ಅವಳಿಗೆ ಅಚ್ಛ ಎಂದರೆ ಅಪ್ಪನಂಥ ಮಾವನವರು, ಅವರಿಗೆ ಇವಳು ಮೋಳೆ, ಮಗಳು. ಹೆಸರು ಉಣ್ಣೀರಿ ಪಣಿಕ್ಕರು. ಚೆರ್ಪುಳಶ್ಶೇರಿಯಿಂದ ಕಾಲುವೆ ಹಿಡಿದು ಬಂದರೆ ಆ ಕಡೆಯ ನಾಲ್ಕು ಊರಿಗೆ ಪ್ರಶ್ನೆ ನೋಡುವವರು ಅವರೊಬ್ಬರೇ. ಅವರ ಅಪ್ಪ, ಅಜ್ಜ ಎಲ್ಲರೂ ಕವಡೆ ಹರಡಿಯೇ ಬದುಕಿದವರು. ಕಣ್ಣಿನ ಪೊರೆ ತೆಗೆಸಿದ ಮೇಲೆ ಪಂಚಾಂಗದ ಸಣ್ಣ ಅಕ್ಷರ ಕಾಣದಾಗಿ, ಒಟ್ಟಪಾಲದ ಯಾರೋ ಶಿಷ್ಯ ಕಂಪ್ಯೂಟರಿನಲ್ಲಿ ಜಾತಕ ಬರೆಯುವ ಒಂದು ಪ್ರೋಗ್ರಾಮು ಹಾಕಿಕೊಟ್ಟಿದ್ದ. ಪ್ರಶ್ನೆಯ ಫಲ ನಿಲ್ಲುವುದು ಕೇಳಲು ಬಂದ ಗಳಿಗೆಯ ಲಗ್ನದ ಮೇಲೆ, ಆ ಗಳಿಗೆಯನ್ನು ಪ್ರೋಗ್ರಾಮು ಕಂಪ್ಯೂಟರಿನ ಗಡಿಯಾರದಿಂದಲೇ ತೆಗೆದುಕೊಳ್ಳುತ್ತಿತ್ತು. ಅದು ವಿಂಡೋಸಿನಲ್ಲಿ ಮಾತ್ರ ನಡೆಯುತ್ತಿತ್ತು. ಪ್ರಸೀತಳಿಗೆ ಬೇಕಾದದ್ದು ಪೆಂಗ್ವಿನ್ ಹಕ್ಕಿಯ ಗುರುತಿನ ಲಿನಕ್ಸ್, ಶಾಲೆಯಲ್ಲಿ ಮಕ್ಕಳಿಗೆ ಕಲಿಸುವುದೆಲ್ಲ ಅದರಲ್ಲೇ. ಎರಡು ಯಂತ್ರ ಇಡಲು ಮನೆಯಲ್ಲಿ ಜಾಗವಿರಲಿಲ್ಲ. ಒಂದೇ ಪೆಟ್ಟಿಗೆಯಲ್ಲಿ ಎರಡನ್ನೂ ಹಾಕಿಸಿದ್ದರು. ಗುಂಡಿ ಒತ್ತಿದರೆ ಯಾರು ಬೇಕೆಂದು ಅದು ಕೇಳುತ್ತಿತ್ತು. ಪಣಿಕ್ಕರು ಬೆರಳಿನಲ್ಲಿ ಎಣಿಸಿ ಮೂರು ಸಲ ಕೆಳಕ್ಕೊತ್ತಿ ತಮ್ಮ ಪಾಲಿನದನ್ನು ತೆರೆಯುತ್ತಿದ್ದರು. ಒಂದೇ ಮನೆಯ ಎರಡು ಒಲೆಯಂತೆ ಇಬ್ಬರೂ ತಮ್ಮ ತಮ್ಮ ಅಡುಗೆ ಮಾಡಿಕೊಂಡಿದ್ದರು, ಈ ಹೊತ್ತಿನ ತಕರಾರೊಂದು ಬಿಟ್ಟು.

ಇದಕ್ಕೆ ಮದ್ದಿದೆ ಎಂದು ಪ್ರಸೀತಳಿಗೆ ಗೊತ್ತಿಲ್ಲದ್ದೇನಲ್ಲ. ಹೋದ ವರ್ಷ ಪಾಲಕ್ಕಾಡಿನ ತರಬೇತಿಯಲ್ಲಿ ಒಬ್ಬ ಮಾಸ್ತರು ಹೇಳಿಕೊಟ್ಟಿದ್ದರು, ಒಂದೇ ಸಾಲಿನ ಆಜ್ಞೆ. ಅವಳು ಅದನ್ನು ಪಾಠದ ಟಿಪ್ಪಣಿ ಪುಸ್ತಕದ ಹಿಂಬದಿಯಲ್ಲಿ ಬರೆದುಕೊಂಡೂ ಇದ್ದಳು. ಮಾಡೋಣ ಮಾಡೋಣ ಎಂದು ಒಂದು ವರ್ಷ ಕಳೆದಿತ್ತು. ದಿನಾ ಒಂದು ಸಲ ಸಿಡುಕುವುದು ಅಭ್ಯಾಸವಾಗಿಹೋಗಿ, ಮದ್ದು ಹುಡುಕುವ ತ್ರಾಸಕ್ಕಿಂತ ಸಿಡುಕೇ ಸಲೀಸೆನಿಸುತ್ತಿತ್ತು.

ಒಂಬತ್ತೂವರೆಯ ಹೊತ್ತಿಗೆ ಜಿಷ ಬಂದಳು. ಕಾಲುವೆಯಾಚೆ ಹೊಲಿಗೆ ಹಾಕುವವಳು, ಮೂವತ್ತನಾಲ್ಕು ವಯಸ್ಸು. ಪ್ರಸೀತಳ ಎರಡು ರವಿಕೆ ತಂದಿದ್ದಳು. ಅವನ್ನು ಕೊಟ್ಟು, ಚೀಲದ ತಳದಿಂದ ನಾಲ್ಕಾಗಿ ಮಡಿಸಿದ ಕಾಗದವೊಂದನ್ನು ತೆಗೆದು ಮೇಜಿನ ಮೇಲಿಟ್ಟಳು.

"ಟೀಚರ್, ಇದನ್ನ ಪಣಿಕ್ಕರಿಗೆ ವಾಪಸ್ ಕೊಟ್ಬಿಡಿ. ಮನೇಲಿ ಇಟ್ಕೊಳ್ಳೋಕೆ ಅಮ್ಮಂಗೆ ಭಯ. ಒಲೆಗೆ ಹಾಕೋಕೂ ಭಯ."

"ಏನಿದು?"

"ನನ್ನ ಮದುವೆ ಪ್ರಶ್ನೆ. ಗುರುವಾರ ಬಂದಿದ್ವಲ್ಲ. ಬೇಡ ಅಂತ ಬಂತು."

ಪ್ರಸೀತಳಿಗೆ ಗೊತ್ತಿರಲಿಲ್ಲ. ಗುರುವಾರ ಅವಳು ಎಂಟೂವರೆಯ ಬಸ್ಸಿಗೇ ಹೊರಟಿದ್ದಳು. ಸಂಜೆ ಬಂದ ಮೇಲೆ ಮಾವನವರು ಏನೂ ಹೇಳಿರಲಿಲ್ಲ. ಕೇಳಲು ಬಂದವರ ಮಾತನ್ನು ಅವರು ಮನೆಯೊಳಗೆ ತರುವವರಲ್ಲ.

"ಆ ಪಂಪ್ ರಿಪೇರಿಯವನಾ? ಸಜೀವನ್?"

"ಅವನೇ." ಜಿಷ ರವಿಕೆಯ ಮಡಿಕೆಯನ್ನು ಬೆರಳಿಂದ ತೀಡಿದಳು. "ನೋಡೋಕೆ ಬಂದಾಗ ನನ್ನ ಮುಖ ಎಷ್ಟು ನೋಡಿದ್ನೋ ಗೊತ್ತಿಲ್ಲ. ಮೆಷಿನ್ ಬೆಲ್ಟ್ ಜಾರ್ತಿರೋದು ನೋಡಿದ್ದ. ಮಾರನೇ ದಿನ ತಂಗಿ ಕೈಲಿ ಹೊಸ ಬೆಲ್ಟ್ ಕಳಿಸಿದ. ಅಷ್ಟೇ. ಇನ್ನೇನಿಲ್ಲ ಹೇಳೋಕೆ." ಆಮೇಲೆ ಸೋದರಮಾವನ ಮಾತು ತೆಗೆದಳು. "ಅಮ್ಮಾವ ಇವತ್ತು ಒಂದು ಗಂಟೆ ಬಸ್ಸಿಗೆ ಪಟ್ಟಾಂಬಿಗೆ, ಅವರ ಮನೆಗೆ ಹೋಗ್ತಾರೆ, ಶರ್ಟೂ ಇಸ್ತ್ರಿ ಮಾಡಿಟ್ಟಾಯ್ತು. ಆಗಲ್ಲ ಅಂತ ಹೇಳಿಬರೋಕೆ. ಫೋನಲ್ಲಿ ಹೇಳಿದ್ರೆ ಮರ್ಯಾದೆ ಅಲ್ವಂತೆ."

"ಬೆಲ್ಟ್?"

"ಅದನ್ನೂ ವಾಪಸ್ ಕೊಡಬೇಕಂತೆ. ನಾನು ಕೊಡಲ್ಲ ಅಂದೆ. ಹಾಕಿ ಹೊಲೀತಿದ್ದೀನಿ, ಹೇಗೆ ಕೊಡ್ಲಿ?"

ಅವಳು ನಕ್ಕಳು, ಆದರೆ ಆ ನಗು ಅರ್ಧಕ್ಕೇ ನಿಂತಿತು. ಹಾಲಿಲ್ಲದ ಕಟ್ಟನ್ ಚಾಯ ಕುಡಿದು ಹೋಗು ಎಂದರೆ, ಹೊಲಿಯುವ ಕೆಲಸ ಬಾಕಿಯಿದೆ ಎಂದು ಹೊರಟುಬಿಟ್ಟಳು.

ಪ್ರಸೀತ ಕಾಗದ ಬಿಚ್ಚಿದಳು. ಹನ್ನೆರಡು ಮನೆಯ ಚೌಕ. ಅದರಲ್ಲಿ ಅವಳಿಗೆ ಏನೂ ತಿಳಿಯುತ್ತಿರಲಿಲ್ಲ, ತಿಳಿಯಬೇಕೆಂಬ ಆಸೆಯೂ ಇರಲಿಲ್ಲ. ಗ್ರಹಗಳೆಂದರೆ ಅವಳಿಗೆ ಏಳನೇ ತರಗತಿಯ ಐದನೇ ಪಾಠ. ಮದುವೆಯಾಗಿ ಈ ಮನೆಗೆ ಬಂದ ದಿನದಿಂದ ಮಾವನವರೂ ಅವಳೂ ಆ ವಿಷಯ ಎತ್ತದೆ ಸುಖವಾಗಿದ್ದರು. ಆದರೆ ಮಾಸ್ತರಿಕೆಯ ಕಣ್ಣು. ಕಾಗದ ಕೈಗೆ ಬಂದರೆ ಮೊದಲು ಮೇಲ್ಗಡೆಯ ಹೆಸರು, ತಾರೀಕು ನೋಡುವುದು. ಮೂಲೆಯಲ್ಲಿ ಇರುವೆಯಂಥ ಅಕ್ಷರದಲ್ಲಿ ತಾರೀಕಿತ್ತು. ಅದರ ಪಕ್ಕ ನಾಲ್ಕು ಗಂಟೆ ಮೂವತ್ತು ನಿಮಿಷ, ಬೆಳಗಿನ ಜಾವ.

ಅವಳು ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ಇನ್ನೊಮ್ಮೆ ಓದಿದಳು. ನಾಲ್ಕೂವರೆಗೆ ಐದೂವರೆ ಸೇರಿಸಿದರೆ ಹತ್ತು.

ಗುರುವಾರ ಸಂಜೆಯನ್ನು ನೆನಪು ಮಾಡಿಕೊಂಡಳು. ಅವತ್ತು ಕಂಪ್ಯೂಟರ್ ತೆರೆದಾಗ ಅವಳು ಸಿಡುಕಿರಲಿಲ್ಲ. ನೆಟ್ ಕೊಡದೆಯೇ ಅವಳ ಕಡೆಯ ಹೊತ್ತು ಸರಿಯಾಗಿತ್ತು. ಆಗ ಪುಣ್ಯ ಎಂದುಕೊಂಡು ಮರೆತಿದ್ದಳು. ಮಾವನವರು ಅವತ್ತು ತಿರುಗಿಸಿದ್ದರೆ ಅವಳದು ಮುಂದೋಡಿರಬೇಕಿತ್ತು. ಓಡಿರಲಿಲ್ಲ. ಅಂದರೆ ಅವತ್ತು ಅವರು ತಿರುಗಿಸಿಯೇ ಇರಲಿಲ್ಲ. ಬುಧವಾರ ಸಂಜೆ ಕೊನೆಗೆ ಯಂತ್ರ ಮುಚ್ಚಿದವಳು ಅವಳೇ.

ಕಾಗದ ಹಿಡಿದುಕೊಂಡು ಜಗುಲಿಗೆ ಬಂದಳು. ಪಣಿಕ್ಕರು ಮಂಡಿಗೆ ಕೊಟ್ಟಂಚುಕ್ಕಾದಿ ಎಣ್ಣೆ ಹಚ್ಚಿಕೊಂಡು ಕಾಲು ಚಾಚಿ ಕೂತಿದ್ದರು.

"ಅಚ್ಛ, ಗುರುವಾರ ಜಿಷನ ಮನೆಯವರು ಎಷ್ಟು ಹೊತ್ತಿಗೆ ಬಂದಿದ್ರು?"

"ಅದೆಲ್ಲ ನಿಂಗ್ಯಾಕೆ?"

"ಬೆಳಗಿನ ಜಾವ ನಾಲ್ಕೂವರೆಗೆ ಬಂದಿದ್ರಾ?"

"ನಾಲ್ಕೂವರೆಗೆ ಕಳ್ಳರೂ ಬರಲ್ಲ. ನಾನು ಕಂಜಿ ಕುಡೀತಿದ್ದೆ. ಆ ಅಮ್ಮಾವ ಅಂಗಳದಲ್ಲಿ ನಿಂತು ಅವಸರ ಅವಸರ ಅಂತ ಕುಣೀತಿದ್ದ, ಅವನಿಗೆ ಎಲ್ಲೋ ಸಾವಿನ ಮನೆಗೆ ಹೋಗೋದಿತ್ತಂತೆ. ಅರ್ಧ ಕಂಜಿಗೇ ಎದ್ದು ಕೈ ತೊಳೆದೆ."

"ಗಡಿಯಾರ ತಿರುಗಿಸಿದ್ರಾ?"

ಪಣಿಕ್ಕರು ಎಣ್ಣೆಯ ಕೈಯನ್ನು ಮಂಡಿಯ ಮೇಲೇ ನಿಲ್ಲಿಸಿದರು. ಅವಳು ಕಾಗದದ ಮೂಲೆಯನ್ನು ಬೆರಳಿಂದ ತೋರಿಸಿದಳು. ಅವರು ಕಣ್ಣಿಗೆ ಹತ್ತಿರ ಹಿಡಿದರು, ದೂರ ಹಿಡಿದರು.

"ನಾಲ್ಕು ಮೂವತ್ತು ಅಂತಿದೆ," ಎಂದು ಅವಳೇ ಓದಿ ಹೇಳಿದಳು.

"ಲಗ್ನ ಮಕರ ಬಂತು," ಅವರು ನಿಧಾನವಾಗಿ ಹೇಳಿದರು. "ಲಗ್ನದ ಮೇಲೇ ಶನಿ ಕೂತಿದ್ದ. ಇನ್ನೇನು ನೋಡೋದು ಅಂತ ಬೇಡ ಅಂದೆ." ಆಮೇಲೆ ದನಿ ಏರಿತು. "ನಿನ್ನ ಆ ಪೆಂಗ್ವಿನ್ ಹಕ್ಕಿ ಮಾಡಿದ ಕೆಲಸ ಇದು. ನಲವತ್ತು ವರ್ಷದಲ್ಲಿ ನಾನು ಹೇಳಿದ ಮಾತು ವಾಪಸ್ ತಗೊಂಡಿಲ್ಲ."

"ಹಕ್ಕಿಗೆ ಬೈಬೇಡಿ. ಅದು ತಪ್ಪು ಮಾಡಿಲ್ಲ, ನಿಮ್ಮ ಕಡೇದೂ ಮಾಡಿಲ್ಲ."

"ಇಬ್ರೂ ಸಾಚಾ ಆದ್ರೆ ಐದೂವರೆ ಗಂಟೆ ತಿಂದೋರ್ಯಾರು?"

ಪ್ರಸೀತ ಮೆಟ್ಟಿಲ ಮೇಲೆ ಕೂತಳು. ತರಗತಿಯಲ್ಲಿ ಹಿಂದಿನ ಬೆಂಚಿನವರಿಗೆ ಹೇಳುವಂತೆ ಹೇಳಿದಳು. "ಪೆಟ್ಟಿಗೆ ಒಳಗೆ ಒಂದು ಪುಟ್ಟ ಗಡಿಯಾರ ಇದೆ. ಕರೆಂಟ್ ಹೋದ್ರೂ ನಡೆಯುತ್ತೆ, ಬ್ಯಾಟರಿ ಇದೆ. ನಿಮ್ಮ ಕಡೇದು ಅದನ್ನ ನೋಡಿ, ಅದರಲ್ಲಿ ಇರೋದೇ ಊರಿನ ಹೊತ್ತು ಅನ್ಕೊಳ್ಳುತ್ತೆ. ನನ್ನ ಕಡೇದು, ಅದರಲ್ಲಿರೋದು ಲಂಡನ್ ಹೊತ್ತು ಅನ್ಕೊಂಡು, ಐದೂವರೆ ಸೇರಿಸಿ ನಂಗೆ ತೋರಿಸುತ್ತೆ. ಮುಚ್ಚೋವಾಗ ಲಂಡನ್ ಹೊತ್ತೇ ಅದರಲ್ಲಿ ಬರೆದಿಟ್ಟು ಹೋಗುತ್ತೆ. ಮಾರನೇ ದಿನ ನೀವು ಬಂದು ತೆರೆದ್ರೆ ಐದೂವರೆ ಹಿಂದೆ. ನೀವು ತಿರುಗಿಸಿದ್ರೆ, ನಾನು ಬಂದಾಗ ಐದೂವರೆ ಮುಂದೆ."

"ನಮ್ಮ ಮನೇಲಿ ಲಂಡನ್‌ನೋರು ಯಾರಿದ್ದಾರೆ?"

"ಯಾರೂ ಇಲ್ಲ."

"ಮತ್ತೆ ಅಲ್ಲಿ ಹೊತ್ತು ಇವರಿಗ್ಯಾಕೆ?"

"ಅದು ಅದರ ಪದ್ಧತಿ, ಅಚ್ಛ. ನೀವು ಸೂರ್ಯೋದಯದಿಂದ ಗಳಿಗೆ ಎಣಿಸಲ್ವಾ, ಹಾಗೆ."

ಪಣಿಕ್ಕರು ಅಂಗಳದ ಬಿಸಿಲಿನ ಕಡೆ ನೋಡಿದರು.

"ಇದಕ್ಕೆ ಮದ್ದು?"

"ಇದೆ. ಹೋದ ವರ್ಷನೇ ಬರ್ಕೊಂಡಿದ್ದೆ."

"ಹೋದ ವರ್ಷ," ಎಂದರು ಪಣಿಕ್ಕರು. ಅಷ್ಟೇ ಅಂದದ್ದು. ಬೈದಿದ್ದರೆ ಅವಳಿಗೆ ವಾಸಿಯಿತ್ತು.

ಆ ಟಿಪ್ಪಣಿ ಪುಸ್ತಕ ಸಿಗಲು ಇಪ್ಪತ್ತು ನಿಮಿಷ ಹಿಡಿಯಿತು. ಪುಸ್ತಕದ ಕಪಾಟಿನಲ್ಲಿರಲಿಲ್ಲ. ಶಾಲೆಯ ಚೀಲದಲ್ಲಿರಲಿಲ್ಲ. ಕೊನೆಗೆ ಅಡುಗೆಮನೆಯಲ್ಲಿ, ಅಕ್ಕಿಯ ಡಬ್ಬ ಅಲ್ಲಾಡದಂತೆ ಅದರ ಕೆಳಗೆ ಕೊಟ್ಟಿದ್ದು ಸಿಕ್ಕಿತು. ಕೊಟ್ಟವಳೂ ಅವಳೇ. ಹಿಂಬದಿಯ ಪುಟದಲ್ಲಿ ಸೌದೆಯವನ ಫೋನ್ ನಂಬರಿನ ಕೆಳಗೆ, ಎಣ್ಣೆಯ ಕಲೆಯ ಪಕ್ಕದಲ್ಲಿ ಆ ಒಂದು ಸಾಲು ಇತ್ತು.

ಮೊದಲು ಫೋನಿನಿಂದ ನೆಟ್ ಕೊಟ್ಟು ತನ್ನ ಕಡೆಯ ಹೊತ್ತು ಸರಿಮಾಡಿಕೊಂಡಳು. ಆಜ್ಞೆ ಹೊಡೆಯುವ ಕಪ್ಪು ಕಿಟಕಿ ತೆರೆದು ಆ ಸಾಲನ್ನು ಅಕ್ಷರ ಅಕ್ಷರವಾಗಿ ಹೊಡೆದಳು. ಪಣಿಕ್ಕರು ಕುರ್ಚಿಯ ಹಿಂದೆ ನಿಂತಿದ್ದರು, ಎಣ್ಣೆಯ ವಾಸನೆ ಬರುತ್ತಿತ್ತು. ಮೊದಲ ಸಲ ಅಡ್ಡಗೆರೆಯೊಂದು ಬಿಟ್ಟುಹೋಗಿ ಯಂತ್ರ ಒಪ್ಪಲಿಲ್ಲ. ಎರಡನೆಯ ಸಲ ಗುಪ್ತಪದ ಕೇಳಿತು. ಕೊಟ್ಟಳು. ಅದು ಸುಮ್ಮನಾಯಿತು.

"ಏನಂತೆ?"

"ಏನೂ ಅಂದಿಲ್ಲ. ಏನೂ ಅನ್ನದಿದ್ರೆ ಆಯ್ತು ಅಂತ ಅರ್ಥ."

"ಒಳ್ಳೇ ಸೊಸೆ," ಎಂದರು ಪಣಿಕ್ಕರು.

ಆಯಿತೋ ಇಲ್ಲವೋ ನೋಡಲು ಇನ್ನೊಂದು ಸಾಲು ಹೊಡೆದಳು. ಹಾಗೆ ಕೇಳಿದ್ದಕ್ಕೆ ಮಾತ್ರ ಉದ್ದಕ್ಕೆ ಉತ್ತರ ಬಂತು. ಒಳಗಿನ ಗಡಿಯಾರವನ್ನು ಊರಿನ ಹೊತ್ತಿಗೆ ಇಟ್ಟಿದ್ದೀರಿ, ಇದು ಅಷ್ಟು ಒಳ್ಳೆಯದಲ್ಲ, ಹೊತ್ತನ್ನು ಹಿಂದೆ ಮುಂದೆ ಮಾಡುವ ದೇಶಗಳಲ್ಲಿ ತೊಂದರೆಯಾದೀತು, ಎಂದು ಎಚ್ಚರಿಕೆ.

"ಈಗ ಬೈತಾ ಇದೆ," ಎಂದಳು.

"ಬೈಲಿ. ನಮ್ಮೂರಲ್ಲಿ ಹೊತ್ತನ್ನ ಹಿಂದೆ ಮುಂದೆ ಮಾಡೋರು ನಾವಿಬ್ರೇ."

ಮುಚ್ಚಿ ವಿಂಡೋಸ್ ತೆರೆದಳು. ಹತ್ತು ಗಂಟೆ ಮೂವತ್ತೊಂದು ನಿಮಿಷ. ಮುಚ್ಚಿ ಲಿನಕ್ಸ್ ತೆರೆದಳು. ಹತ್ತು ಮೂವತ್ತಾರು. ಅವಳ ಫೋನಿನಲ್ಲೂ ಹತ್ತು ಮೂವತ್ತಾರು. ಒಂದು ಸಾಲು, ಐದು ನಿಮಿಷ. ಎರಡು ವರ್ಷದ ಸಿಡುಕು, ಇವತ್ತು ಅಳಿಸಿಹೋದ ಆರು ಪ್ರಶ್ನೆ, ಕಾಲುವೆಯಾಚೆ ಇಸ್ತ್ರಿ ಮಾಡಿಟ್ಟ ಅಮ್ಮಾವನ ಶರ್ಟು. ಅವಳಿಗೆ ಯಾರ ಮೇಲೆ ರೇಗಬೇಕೆಂದು ತಿಳಿಯಲಿಲ್ಲ.

"ಸರಿಯಾಯ್ತು ಅಚ್ಛ. ಈಗ ಗುರುವಾರದ ಹತ್ತು ಗಂಟೆಗೆ ನೋಡಿ ಬಿಡಿ."

ಪಣಿಕ್ಕರು ಅಲ್ಲಿರಲಿಲ್ಲ. ಮೆಟ್ಟಿಲ ಕಂಬ ಹಿಡಿದು ಒಂದೊಂದೇ ಹೆಜ್ಜೆ ಇಟ್ಟು ಅಂಗಳಕ್ಕೆ ಇಳಿದಿದ್ದರು. ತೆಂಗಿನಕಾಯಿ ಒಣಗಿಸುವ ಸಮತಟ್ಟಿನ ಜಾಗಕ್ಕೆ ಹೋಗಿ, ಸೂರ್ಯನಿಗೆ ಬೆನ್ನು ಮಾಡಿ ನೆಟ್ಟಗೆ ನಿಂತರು.

"ಬಾ ಇಲ್ಲಿ. ನನ್ನ ತಲೆಯ ನೆರಳು ಎಲ್ಲಿ ಮುಗಿಯುತ್ತೆ ಅಲ್ಲೊಂದು ಕಡ್ಡಿ ಇಡು."

ಅವಳು ಪೊರಕೆಯಿಂದ ಒಂದು ಕಡ್ಡಿ ಕಿತ್ತು ಇಟ್ಟಳು. ಅವರು ನಿಂತಲ್ಲಿಂದ ಹಿಮ್ಮಡಿಗೆ ಬೆರಳು ಮುಟ್ಟಿಸಿ ಮುಟ್ಟಿಸಿ ಪಾದ ಇಡುತ್ತಾ ಕಡ್ಡಿಯವರೆಗೆ ನಡೆದರು. ಪ್ರತಿ ಹೆಜ್ಜೆಗೂ ಮಂಡಿ ನೋವಿಗೆ ಮುಖ ಕಿವುಚುತ್ತಿದ್ದರು. ನಾಲ್ಕು ಅಡಿ, ಮೇಲೆ ಒಂದು ಬೆರಳು. ತುಟಿಯೊಳಗೇ ಏನೋ ಲೆಕ್ಕ ಹಾಕಿದರು. ಕುಂಭ ಮಾಸದ ಇಂಥ ದಿನಕ್ಕೆ ನಾಲ್ಕು ಅಡಿಯೆಂದರೆ ಇಷ್ಟು ಗಳಿಗೆ ಎಂದು ಅವರ ಅಪ್ಪ ಬಾಯಿಪಾಠ ಮಾಡಿಸಿದ್ದು.

"ಹತ್ತು ನಲವತ್ತು," ಎಂದರು.

ಅವಳು ಫೋನ್ ನೋಡಿದಳು. ಹತ್ತು ನಲವತ್ತೆರಡು.

"ಪರವಾಗಿಲ್ಲ ನಿನ್ನ ಫೋನು," ಎಂದರು. ಆದರೆ ದನಿಯಲ್ಲಿ ಗೆದ್ದ ಸಂತೋಷವಿರಲಿಲ್ಲ. ಕಡ್ಡಿಯನ್ನು ಹೆಬ್ಬೆರಳಿನಿಂದ ಮಣ್ಣಿಗೆ ಒತ್ತುತ್ತಾ ನಿಂತರು.

"ಪ್ರಶ್ನೆಗೆ ಬರೆದ ರಾಶಿಯ ಚೌಕದ ಮೇಲೆ ಮಗು ಕೈಲಿ ಚಿನ್ನ ಇಡಿಸೋಕೆ ಜಿಷನ ಅಣ್ಣನ ಮಗಳನ್ನ ಕರ್ಕೊಂಡು ಬಂದಿದ್ರು. ಜಗುಲಿಯ ಆ ಅಂಚಲ್ಲಿ ಕೂತಿತ್ತು ಮಗು. ಬಿಸಿಲು ಕಣ್ಣಿಗೆ ಬೀಳ್ತಿತ್ತು. ನಾನೇ ಮಣೆ ಎಳೆದು ಒಳಗೆ ಕೂರಿಸಿದೆ. ಬಿಸಿಲು ಅಂತ ಬಾಯಲ್ಲೂ ಹೇಳಿದೆ, ಮೋಳೆ. ಹೇಳಿ, ಒಳಗೆ ಹೋಗಿ, ಬೆಳಗಿನ ಜಾವದ ಲಗ್ನ ಓದಿಕೊಂಡು ಬಂದೆ."

ಪ್ರಸೀತ ಅವರ ಮೊಣಕೈ ಹಿಡಿದು ಮೆಟ್ಟಿಲು ಹತ್ತಿಸಿದಳು.

ಒಳಗೆ ಹೋಗಿ ಗುರುವಾರದ ಹತ್ತು ಗಂಟೆ ಹೊಡೆದು ನೋಡಿದರು. ಲಗ್ನ ಮೇಷ. ಶನಿ ಇದ್ದಲ್ಲೇ ಇದ್ದ, ಆದರೆ ಬೇರೆ ಮನೆಯಾಯಿತು. ಪಣಿಕ್ಕರು ಚೌಕದ ಮುಂದೆ ಕಾಲು ಗಂಟೆ ಕೂತರು. ಎರಡು ಸಲ ಕವಡೆಯ ಚೀಲ ಮುಟ್ಟಿದರು, ಬಿಚ್ಚಲಿಲ್ಲ. ಆಮೇಲೆ ಎದ್ದು ಗೂಟದಿಂದ ಕೊಡೆ ತೆಗೆದುಕೊಂಡರು.

"ಏನು ಬಂತು?"

"ನಿಂಗೆ ಹೇಳಿದ್ರೆ ಏನು ಪ್ರಯೋಜನ? ನೀನು ನಂಬೋಳಲ್ಲ. ಕೇಳಿದವರಿಗೆ ಹೇಳ್ತೀನಿ. ನಡಿ, ಕಾಲುವೆ ಏರಿ ಮೇಲೆ ನಂಗೊಬ್ಬನಿಗೆ ಆಗಲ್ಲ."

"ಫೋನ್ ಮಾಡೋಣ ಅಚ್ಛ. ಬಸ್ಸು ಒಂದು ಗಂಟೆಗೆ."

"ಜಗುಲೀಲಿ ಕೂತು ಹೇಳಿದ ಮಾತನ್ನ ಫೋನಲ್ಲಿ ಅಳಿಸೋಕಾಗುತ್ತಾ?"

ಬೇರೆಯವರು ಕಾಲು ಗಂಟೆಯಲ್ಲಿ ನಡೆಯುವ ದಾರಿ ಅವರಿಗೆ ಒಂದು ಗಂಟೆ ಹಿಡಿಯಿತು. ನಾಲ್ಕು ಕಡೆ ಕೂತರು. ಕೂತಾಗಲೆಲ್ಲ ಪ್ರಸೀತ ಫೋನ್ ನೋಡುವುದು, ಅವರು ನೆರಳು ನೋಡುವುದು. ಎದುರಿಗೆ ಸಿಕ್ಕ ಇಬ್ಬರು, ಪಣಿಕ್ಕರು ಎಲ್ಲಿಗೆ ಸವಾರಿ ಎಂದು ಕೇಳಿದರು. ತಪ್ಪು ಒಪ್ಪಿಕೊಳ್ಳೋಕೆ ಎಂದು ಅವರು ಹೇಳಿದ್ದನ್ನು ತಮಾಷೆ ಎಂದುಕೊಂಡು ನಕ್ಕುಹೋದರು.

ಜಿಷನ ಮನೆಯ ಅಂಗಳ ಮುಟ್ಟಿದಾಗ ಹನ್ನೆರಡೂ ಕಾಲು. ಒಳಗೆ ಹೊಲಿಗೆ ಯಂತ್ರ ಓಡುತ್ತಿತ್ತು. ಅಮ್ಮಾವ ಗಂಜಿ ಹಾಕಿ ಇಸ್ತ್ರಿ ಮಾಡಿದ ಶರ್ಟು ತೊಟ್ಟು, ಅದು ಮುದುಡದಂತೆ ಬೆನ್ನು ಸೆಟೆಸಿ ಕೂತು ಊಟ ಮಾಡುತ್ತಿದ್ದರು. ಪಣಿಕ್ಕರನ್ನು ಕಂಡು ಎಂಜಲು ಕೈಯಲ್ಲೇ ಎದ್ದರು.

"ಪಣಿಕ್ಕರೆ, ನೀವ್ಯಾಕೆ ಬಿಸಿಲಲ್ಲಿ? ಹೇಳಿ ಕಳಿಸಿದ್ರೆ ನಾನೇ ಬರ್ತಿರಲಿಲ್ವಾ?"

"ಗುರುವಾರ ನಾನು ಹೇಳಿದ್ದು ತಪ್ಪು," ಎಂದರು ಪಣಿಕ್ಕರು, ಕೂರುವ ಮೊದಲೇ. "ಹೊತ್ತು ತಪ್ಪಿತ್ತು."

ಹೊಲಿಗೆ ಯಂತ್ರ ನಿಂತಿತು.

"ನಂಗೆ ಒಳ್ಳೆ ಹೊತ್ತೇ ಇಲ್ಲ ಅಂತ ಇವಳಮ್ಮನೂ ಅಂತಾಳೆ," ಎಂದರು ಅಮ್ಮಾವ, ಅರ್ಥವಾಗದೆ.

ಪ್ರಸೀತ ಬಾಯಿ ತೆರೆದಳು. "ತಪ್ಪು ನಂದು ಅಮ್ಮಾವ. ಕಂಪ್ಯೂಟರ್..."

"ನೀನು ಸುಮ್ನಿರು," ಎಂದರು ಪಣಿಕ್ಕರು. "ಪೆಟ್ಟಿಗೆ ತಪ್ಪು ಹೊತ್ತು ತೋರಿಸ್ತು, ನಿಜ. ಅದಕ್ಕೆ ಕಣ್ಣಿಲ್ಲ. ನಂಗೆ ಇತ್ತು. ಬಿಸಿಲಲ್ಲಿ ಕೂತಿದ್ದೋನು ನಾನು." ಮಡಿಸಿದ ಕಾಗದವನ್ನು ತೆಗೆದು ಎರಡಾಗಿ ಹರಿದು ಜೇಬಿಗೆ ಹಾಕಿಕೊಂಡರು. "ಸರಿಯಾದ ಹೊತ್ತಿಗೆ ನೋಡಿದ್ದೀನಿ. ಮಧ್ಯಮ. ಅಮೃತ ಏನಲ್ಲ. ಮೊದಲೆರಡು ವರ್ಷ ತಿಕ್ಕಾಟ ಇದೆ. ಬೇಡ ಅನ್ನೋಕೆ ಕಾರಣ ಇಲ್ಲ."

ಬಾಗಿಲಲ್ಲಿ ಜಿಷ ನಿಂತಿದ್ದಳು, ಕೊರಳಲ್ಲಿ ಅಳತೆಯ ಟೇಪು. ಅವಳ ಮುಖದಲ್ಲಿ ಸಂತೋಷಕ್ಕಿಂತ ಮೊದಲು ಸಿಟ್ಟು ಬಂತು.

"ಎರಡು ದಿನ ಪಣಿಕ್ಕರೆ. ಎರಡು ದಿನ ಅಮ್ಮ ಅನ್ನ ಮುಟ್ಟಿಲ್ಲ. ನಾನು ಬೇರೆಯೋರ ಮದುವೆ ರವಿಕೆ ಹೊಲೀತಾ ಕೂತಿದ್ದೆ. ನಾಳೆ ಬಂದು ಇನ್ನೊಂದು ಹೊತ್ತು ಹೇಳ್ತೀರಾ?"

"ಇಲ್ಲ."

"ಹೇಗೆ ಗೊತ್ತು?"

"ಅಂಗಳದಲ್ಲಿ ಅಳೆದು ಬಂದಿದ್ದೀನಿ," ಎಂದು ಪಣಿಕ್ಕರು ತಮ್ಮ ಪಾದ ತೋರಿಸಿದರು. ಬೆರಳ ಸಂದಿಯಲ್ಲಿ ಅಂಗಳದ ಕೆಂಪು ಮಣ್ಣು ಇನ್ನೂ ಇತ್ತು. ಅವಳು ಅದನ್ನು ನೋಡಿದಳು. ಒಳಗೆ ಹೋಗಿ ಎರಡು ಲೋಟ ಮಜ್ಜಿಗೆ ತಂದಿಟ್ಟಳು. ಪಣಿಕ್ಕರ ಲೋಟವನ್ನು ಸ್ವಲ್ಪ ಜೋರಾಗಿಯೇ ಇಟ್ಟಳು.

ಅಮ್ಮಾವ ಎಂಜಲು ಕೈ ಒಣಗಿಸಿಕೊಂಡು ಇನ್ನೂ ನಿಂತೇ ಇದ್ದರು. "ಹಾಗಾದ್ರೆ ನಾನು ಪಟ್ಟಾಂಬಿಗೆ ಹೋಗೋದು ಬೇಡ್ವಾ? ಶರ್ಟು ಹಾಕ್ಬಿಟ್ಟಿದ್ದೀನಲ್ಲ."

"ಹೋಗಿ ಅಮ್ಮಾವ," ಎಂದಳು ಜಿಷ. "ಅದೇ ಬಸ್ಸು. ಮಾತು ಮಾತ್ರ ಬೇರೆ." ಬಾಗಿಲು ದಾಟುವಾಗ ತಿರುಗಿ, "ಬೆಲ್ಟ್ ಚೆನ್ನಾಗಿ ಓಡ್ತಿದೆ ಅಂತಲೂ ಹೇಳಿ," ಎಂದಳು. ಸ್ವಲ್ಪ ಹೊತ್ತಿಗೆ ಯಂತ್ರ ಮತ್ತೆ ಓಡತೊಡಗಿತು, ಮೊದಲಿಗಿಂತ ಜೋರಾಗಿ.

ಹಿಂದಿರುಗುವಾಗ ಕಾಲುವೆ ಏರಿಯ ಮೇಲೆ ಮೊದಲ ಸಲ ಕೂತಾಗ ಪ್ರಸೀತ ಕೇಳಿದಳು. "ನಿಜವಾಗ್ಲೂ ಮಧ್ಯಮ ಬಂತಾ ಅಚ್ಛ?"

"ಅದ್ಯಾಕೆ ನಿಂಗೆ?" ಎಂದರು ಪಣಿಕ್ಕರು, ಮಂಡಿ ತೀಡುತ್ತಾ. "ಆ ಆರು ಪ್ರಶ್ನೆ ಮತ್ತೆ ಬರೀಬೇಕಲ್ಲ, ಅದನ್ನ ಯೋಚಿಸು. ಸಂಜೆವರೆಗೂ ನಾನು ಪೆಟ್ಟಿಗೆ ಮುಟ್ಟಲ್ಲ."